ದೂಡಿದವರಿಗೆ ಸೀಟು

ಲೊರ್ನಾಳ ದುಃಖಗಳಲ್ಲಿ ಅತ್ಯಂತ ದೊಡ್ಡದು ಹದಿನಾರು ಅಡಿ ಉದ್ದ, ಆರು ಅಡಿ ಅಗಲ ಇತ್ತು. ಅಂಗಳದ ಮೂಲೆಯಲ್ಲಿ ತೆಂಗಿನ ಗರಿಯ ಚಪ್ಪರದ ಕೆಳಗೆ ನಿಂತಿತ್ತು.

ಅದೊಂದು ಒಂಬತ್ತು ಸೀಟಿನ ಸ್ಟೇಶನ್ ವ್ಯಾಗನ್. ಎರಡೂ ಮಗ್ಗುಲಿಗೆ ಮರದ ಪಟ್ಟಿ, ಹಿಂದೆ ಕಪಾಟಿನ ಹಾಗೆ ತೆರೆಯುವ ಜೋಡಿ ಬಾಗಿಲು, ಒಳಗೆ ಮೂರು ಸಾಲು. ಕೊನೆಯ ಸಾಲಿನವರು ಮಾತ್ರ ಹಿಂದಕ್ಕೆ ಮುಖ ಮಾಡಿ, ಬಂದ ದಾರಿಯನ್ನೇ ನೋಡುತ್ತಾ ಹೋಗಬೇಕು. ಘಟ್ಟದ ಮೇಲಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಮಾರಿದ್ದನ್ನು ಅವಳ ಗಂಡ ರೇಮಂಡ್ ಐವತ್ತಾರನೇ ಇಸವಿಯಲ್ಲಿ, ಮದುವೆಗೆ ಒಂದು ತಿಂಗಳ ಮುಂಚೆ ಕೊಂಡಿದ್ದ.

"ಇಬ್ಬರಿಗೆ ಇಷ್ಟು ದೊಡ್ಡ ಗಾಡಿ ಯಾಕೆ?" ಎಂದು ಮುಂಬಯಿಯ ಕಾನ್ವೆಂಟಿನಲ್ಲಿ ಓದಿ ಬಂದ ಮದುಮಗಳು ಕೇಳಿದ್ದಳು.

"ಇಬ್ಬರಿಗೆ ಅಲ್ಲ ಮಾರಾಯ್ತಿ, ಏಳು ಮಕ್ಕಳಿಗೂ ಸೇರಿಸಿ," ಎಂದಿದ್ದ ರೇಮಂಡ್.

ಹಾಗೆ ಹೇಳಿದ ಮಹಾಪುರುಷ ಮದುವೆಯಾದ ನಲವತ್ತನೆಯ ದಿನ ಬಹರೈನಿನ ಎಣ್ಣೆ ಕಂಪೆನಿಗೆ ಹೊರಟುಹೋದ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಏಳು ವರ್ಷಗಳಲ್ಲಿ ಮೂರು ರಜೆಗಳಾದವು. ಮೊದಲನೆಯದರಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ, ಎರಡನೆಯದರಲ್ಲಿ ಮಗಳು ಆಲಿಸ್‌ಗೆ ಕಾರಣನಾದ, ಮೂರನೆಯದರಲ್ಲಿ ಮತ್ತೆ ಎಂಜಿನ್ ಬಿಚ್ಚಿದ (ಮೊದಲ ಸಲ ಜೋಡಿಸಿ ಉಳಿದುಹೋಗಿದ್ದ ಮೂರು ನಟ್ಟುಗಳು ಎಲ್ಲಿಯವು ಎಂದು ನೋಡಲು). ಈ ವೇಗದಲ್ಲಿ ಏಳು ಮಕ್ಕಳಾಗುವಷ್ಟರಲ್ಲಿ ಲೊರ್ನಾ ಅಜ್ಜಿಯರ ಸಾಲಿಗೆ ಸೇರುವುದು ಖಂಡಿತವಿತ್ತು. ಅತ್ತೆ ಮಾವ ಮೊದಲೇ ತೀರಿಕೊಂಡಿದ್ದರು. ಶಿರ್ವದ ಇಗರ್ಜಿಯಿಂದ ಎರಡು ಮೈಲಿ ದೂರದ ಆ ಮನೆಯಲ್ಲಿ ಉಳಿದದ್ದು ಅವಳು, ಎರಡೂವರೆ ವರ್ಷದ ಆಲಿಸ್, ಒಂದು ಥರ್ಮಾಮೀಟರು, ಶಿಶುಪಾಲನೆಯ ಕುರಿತ ದಪ್ಪದೊಂದು ಇಂಗ್ಲಿಷ್ ಪುಸ್ತಕ ಮತ್ತು ಗಾಡಿ. ಗಾಡಿ ಬಿಡಲಿಕ್ಕೆ ಕೂಸಪ್ಪ ಬರುತ್ತಿದ್ದ. ಹಿಂದೆ ಬಸ್ಸು ಬಿಟ್ಟವನು. ಈಗಲೂ ತಿರುವಿನಲ್ಲಿ ಅಭ್ಯಾಸಬಲದಿಂದ "ಒಳಗೆ ಬನ್ನಿ, ಒಳಗೆ ಬನ್ನಿ" ಎನ್ನುವವನು.

ಆ ಗಾಡಿ ತಾನಾಗಿ ಹೊರಡುತ್ತಿರಲಿಲ್ಲ. ಬ್ಯಾಟರಿ ಎರಡನೆಯ ಮಳೆಗಾಲಕ್ಕೇ ವೈರಾಗ್ಯ ತಾಳಿತ್ತು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸೋಣವೆಂದರೆ, ಅದು ಒಮ್ಮೆ ತಿರುಗಿ ಒದ್ದು ಕೂಸಪ್ಪನ ಮಣಿಕಟ್ಟನ್ನು ಉಳುಕಿಸಿತ್ತು. ಅಂದಿನಿಂದ ಆತ ಹ್ಯಾಂಡಲನ್ನು ದನ ಕಟ್ಟುವ ಗೂಟವಾಗಿ ನೆಲಕ್ಕೆ ಹೊಡೆದುಬಿಟ್ಟಿದ್ದ. ಇನ್ನು ಉಳಿದ ದಾರಿ ಒಂದೇ. ಆರು ಜನ ಸೇರಿ ಅಂಗಳದಿಂದ ಗೇಟಿನವರೆಗೆ ದೂಡಬೇಕು. ಗೇಟು ದಾಟಿದರೆ ಇಳಿಜಾರು. ಅಲ್ಲಿ ಗಾಡಿ ಎರಡು ಸಲ ಬಿಕ್ಕಳಿಸಿ, ಕಪ್ಪು ಹೊಗೆ ಬಿಟ್ಟು, ಜೀವ ತಳೆಯುತ್ತಿತ್ತು.

ಈ ಆರು ಜನ ಪ್ರತಿ ಭಾನುವಾರ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹಾಜರಿರುತ್ತಿದ್ದರು. ಅವರದೇ ಒಂದು ಸಂವಿಧಾನವಿತ್ತು. ದೂಡಿದವರಿಗೆ ಸೀಟು, ಯಾವ ಕಡೆ ದೂಡಿದರೋ ಆ ಕಡೆಯ ಸೀಟು. ಎಡಗಡೆಯ ಮುಂದಿನ ಮಡ್ಗಾರ್ಡು ನೆರೆಮನೆಯ ಬೆನೆಡಿಕ್ಟಾ ಬಾಯಿಯವರದು. ಬಲಗಡೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಲಿಗೋರಿಯದು. ಹಿಂದಿನ ಬಾಗಿಲಿನ ಒಂದು ರೆಕ್ಕೆ ಕಾಪುವಿನಿಂದ ಮೀನಿನ ಬುಟ್ಟಿ ಹೊತ್ತು ಬರುವ ಅಪ್ಪಿಯದು (ಅವಳಿಗೆ ಪೂಜೆಯ ಹಂಗಿಲ್ಲ, ಪೂಜೆ ಮುಗಿಸಿ ಹೊರಗೆ ಬರುವವರಿಗೆ ಮೀನು ಬೇಕಲ್ಲ). ಬಲಗಡೆಯ ಹಿಂದಿನ ಮೂಲೆ ಲಿಗೋರಿಯ ತಮ್ಮನದು. ಇನ್ನಿಬ್ಬರು ಬೆನೆಡಿಕ್ಟಾ ಬಾಯಿಯ ಸೊಸೆಯಂದಿರು. ಒಮ್ಮೆ ಎಂಜಿನ್ ಹಿಡಿದರೆ ಕೂಸಪ್ಪ ದೇವರು ಕರೆದರೂ ನಿಲ್ಲಿಸುವವನಲ್ಲ. ಓಡುತ್ತಾ ಓಡುತ್ತಾ ಹತ್ತಬೇಕು. ಅರವತ್ತು ದಾಟಿದ ಬೆನೆಡಿಕ್ಟಾ ಬಾಯಿ ಸೀರೆ ಎತ್ತಿಕಟ್ಟಿ, ಒಂದು ಕೈಯಲ್ಲಿ ಹಲಸಿನ ಹಣ್ಣು, ಇನ್ನೊಂದು ಕೈಯಲ್ಲಿ ಜಪಸರ ಹಿಡಿದು ಹಾರುವುದನ್ನು ನೋಡಿದರೆ ಸರ್ಕಸ್ಸಿನವರು ಕಲಿಯಬೇಕಾದದ್ದಿತ್ತು.

ಲೊರ್ನಾಳ ಪ್ರಾಣ ಹೋಗುತ್ತಿದ್ದದ್ದು ಇಲ್ಲಿಯೇ. ಲಿಗೋರಿ ನಶ್ಯ ಸೇದುವವನು. ಶಿರ್ವ ಮುಟ್ಟುವುದರೊಳಗೆ ಎಷ್ಟು ಸಲ ಸೀನಿದ ಎಂದು ಅವಳು ಮನಸ್ಸಿನಲ್ಲೇ ಲೆಕ್ಕವಿಡುತ್ತಿದ್ದಳು. ಅಪ್ಪಿಯ ಬುಟ್ಟಿಯ ನೀರು ಸೀಟಿನ ಕೆಳಗೆ ಹೊಳೆಯಾಗುತ್ತಿತ್ತು. ಆಲಿಸ್ ಒಂದು ಮಡಿಲಿನಿಂದ ಇನ್ನೊಂದಕ್ಕೆ ಹೋಗಿ, ಆರು ಕಡೆ ಮುತ್ತು ಕೊಡಿಸಿಕೊಂಡು, ಕೊನೆಗೆ ಅಮ್ಮನ ಕೈ ಸೇರುತ್ತಿದ್ದಳು.

"ಕರವಸ್ತ್ರ ಹಿಡಿಯಿರಿ, ಗಾಡಿಯಲ್ಲಿ ಮಗು ಉಂಟು!" ಎಂದು ಲೊರ್ನಾ ಮುಂದಿನ ಸೀಟಿನಿಂದ ದಾರಿಯುದ್ದಕ್ಕೂ ಹತ್ತು ಸಲ ಕೂಗುತ್ತಿದ್ದಳು.

"ಮಗು ಗಟ್ಟಿ ಉಂಟು ಬಾಯಿ, ನೀವೇ ಸೊರಗಿದ್ದು," ಎನ್ನುತ್ತಿದ್ದರು ಬೆನೆಡಿಕ್ಟಾ ಬಾಯಿ.

ಅರವತ್ತಮೂರರ ಬೇಸಿಗೆಯಲ್ಲಿ ಆಲಿಸ್‌ಗೆ ನೆಗಡಿಯಾಯಿತು. ಮಣಿಪಾಲದ ಡಾಕ್ಟರು ನೋಡಿ, "ಎಂತದೂ ಇಲ್ಲ, ಬರೇ ನೆಗಡಿ," ಎಂದರು. ಮಗುವಿಗೆ ಏನೂ ಇಲ್ಲ ಎನ್ನುವ ಡಾಕ್ಟರನ್ನು ಲೊರ್ನಾ ಎಂದೂ ನಂಬಿದವಳಲ್ಲ. ಮನೆಗೆ ಬಂದವಳೇ ಬಹರೈನಿಗೆ ಎಂಟು ಪುಟದ ಕಾಗದ ಬರೆದಳು. ತಿಂಗಳೊಳಗೆ ರೇಮಂಡನ ಗೆಳೆಯನೊಬ್ಬನ ಮೂಲಕ ಮಂಗಳೂರಿನಿಂದ ಬಸ್ಸಿನ ಮೇಲೆ ಹೊಚ್ಚಹೊಸ ಬ್ಯಾಟರಿ ಬಂದಿಳಿಯಿತು.

ಕೂಸಪ್ಪ ಅದನ್ನು ಕೂರಿಸಿ, ಬೋನೆಟ್ ಒಳಗೆ ಬೆರಳು ತೋರಿಸಿ ವಿವರಿಸಿದ. "ಈ ದಪ್ಪ ವಯರು ಉಂಟಲ್ವಾ ಬಾಯಮ್ಮ, ಇದು ಸೆಲ್ಫ್ ಸ್ಟಾರ್ಟಿಗೆ. ಇನ್ನು ಯಾರೂ ದೂಡುವುದು ಬೇಡ."

"ಯಾರೂ ಬೇಡ," ಎಂದಳು ಲೊರ್ನಾ, ಯುದ್ಧ ಗೆದ್ದ ರಾಣಿಯ ಹಾಗೆ.

ಆ ಭಾನುವಾರ ಆರು ಜನ ಬಂದು ತಮ್ಮ ತಮ್ಮ ಜಾಗದಲ್ಲಿ ಕೈಯಿಟ್ಟು ನಿಂತರು. ಕೂಸಪ್ಪ ಗುಂಡಿ ಒತ್ತಿದ. ಗಾಡಿ ಒಂದೇ ಏಟಿಗೆ ಗುಡುಗಿತು. ಮಡ್ಗಾರ್ಡುಗಳ ಮೇಲಿನಿಂದ ಹನ್ನೆರಡು ಕೈಗಳು ಒಂದೊಂದಾಗಿ ಕೆಳಗಿಳಿದವು.

"ಒಳ್ಳೇದಾಯ್ತು ಬಾಯಿ. ನಿಮಗೆ ಇನ್ನು ತೊಂದರೆ ಇಲ್ಲ," ಎಂದರು ಬೆನೆಡಿಕ್ಟಾ ಬಾಯಿ. ಹಲಸಿನ ಹಣ್ಣನ್ನು ಸೊಂಟಕ್ಕೇರಿಸಿ ನಡೆಯತೊಡಗಿದರು. ಉಳಿದವರೂ ಹಿಂದಿನಿಂದ ಹೋದರು. ಲೊರ್ನಾ ಅವರನ್ನು ಕರೆಯಲಿಲ್ಲ. ಕರೆಯಬೇಕೆಂದು ಹೊಳೆಯುವಷ್ಟರಲ್ಲಿ ಗಾಡಿ ಅವರನ್ನು ದಾಟಿ, ಅವರ ಮೇಲೆ ಧೂಳೆಬ್ಬಿಸಿ ಮುಂದೆ ಹೋಗಿತ್ತು.

ಮೊದಲ ವಾರ ಸ್ವರ್ಗಸುಖ. ಸೀನಿಲ್ಲ, ಮೀನಿಲ್ಲ. ಎರಡನೆಯ ವಾರ ಅವಳಿಗೆ ಗಾಡಿಯ ಸದ್ದು ಕೇಳಿಸತೊಡಗಿತು. ಜನ ತುಂಬಿರುವಾಗ ಕೇಳದಿದ್ದ ಪ್ರತಿಯೊಂದು ಮೊಳೆ, ಪ್ರತಿಯೊಂದು ಗಾಜು ಗಡಗಡ ಎನ್ನುತ್ತಿತ್ತು. ಆಲಿಸ್ ಖಾಲಿ ಸೀಟುಗಳ ಮೇಲೆ ಹತ್ತಿ ಇಳಿದು, "ಮಾಯಿ ಎಲ್ಲಿ? ಅಪ್ಪಿ ಎಲ್ಲಿ?" ಎಂದು ಶಿರ್ವದವರೆಗೂ ಕೇಳಿದಳು (ಬೆನೆಡಿಕ್ಟಾ ಬಾಯಿ ಅವಳ ಪಾಲಿಗೆ ಮಾಯಿ).

ಗಾಡಿ ಮಾತ್ರ ಖಾಲಿಯಾದದ್ದಲ್ಲ. ಮುಂಚೆ ಶನಿವಾರ ಸಂಜೆ "ನಾಳೆ ಗಾಡಿ ಉಂಟಾ?" ಎಂದು ಕೇಳಲು ಬಂದವರು ಜಗಲಿಯಲ್ಲಿ ಒಂದು ತಾಸು ಕುಳಿತು, ಯಾರ ಮಗಳಿಗೆ ಎಲ್ಲಿಂದ ಗಂಡು ಬಂತು, ಯಾರ ದನ ಕರು ಹಾಕಿತು ಎಂದೆಲ್ಲ ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. (ಆ ಲೋಟಗಳನ್ನು ಲೊರ್ನಾ ಬಿಸಿನೀರಿನಲ್ಲಿ ಕುದಿಸುತ್ತಿದ್ದದ್ದು ಬೇರೆ ಮಾತು.) ಈಗ ಶನಿವಾರಗಳು ಬಂದವು, ಹೋದವು. ಲಿಗೋರಿಯ ತಮ್ಮ ಮುಂಬಯಿಗೆ ಕೆಲಸಕ್ಕೆ ಹೋಗಿ ಇಪ್ಪತ್ತು ದಿನವಾದ ಮೇಲೆ ಅವಳಿಗೆ ಗೊತ್ತಾಯಿತು, ಅದೂ ಅಂಚೆಯವನಿಂದ. ತಾನು ಹುಟ್ಟಿ ಬೆಳೆದ ಊರಿಗೆ ಹೊರಟವನ ಕೈಯಲ್ಲಿ ಅವಳು ಒಂದು ಕಾಗದವನ್ನಾದರೂ ಕಳಿಸಬಹುದಿತ್ತು. ಕಾಗದ ಬೇಡ, ಚರ್ನಿ ರೋಡ್ ಸ್ಟೇಶನ್ನಿನಲ್ಲಿ ಇಳಿದು ಯಾವ ಕಡೆ ತಿರುಗಬೇಕು ಎಂದಾದರೂ ಹೇಳಬಹುದಿತ್ತು. ಆ ಸಂಜೆ ಅವಳು ಥರ್ಮಾಮೀಟರನ್ನು ಸುಮ್ಮನೆ ತನ್ನ ನಾಲಗೆಯ ಕೆಳಗೇ ಇಟ್ಟುಕೊಂಡು ಕುಳಿತಳು. ಜ್ವರವಿರಲಿಲ್ಲ. ಯಾರಾದರೂ 'ಎಂತ ಆಯ್ತು?' ಎಂದು ಕೇಳುವಂಥದ್ದು ಏನೂ ಇರಲಿಲ್ಲ.

ಮುಂದಿನ ಭಾನುವಾರ ಅವಳು ದಾರಿಯಲ್ಲಿ ಗಾಡಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದಳು. "ಬನ್ನಿ ಬೆನೆಡಿಕ್ಟಾ ಬಾಯಿ, ಕುಳಿತುಕೊಳ್ಳಿ. ಜಾಗ ಹೇಗೂ ಖಾಲಿ ಉಂಟು."

"ಬೇಡ ಬಾಯಿ. ದೂಡದೆ ಕುಳಿತರೆ ಬಿಟ್ಟಿ ಅಲ್ವಾ? ಜನ ಎಂತ ಹೇಳುವುದು?"

"ಜನ ಯಾಕೆ ಹೇಳುತ್ತಾರೆ?"

"ಜನರಿಗೆ ಬೇರೆ ಎಂತ ಕೆಲಸ ಉಂಟು? ನೀವು ಹೋಗಿ, ಮಗುವಿಗೆ ಧೂಳು."

ಹೀಗೆ ನಾಲ್ಕು ತಿಂಗಳಾದವು. ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ಶನಿವಾರ ಮಧ್ಯಾಹ್ನ, ಕೂಸಪ್ಪ ಊಟಕ್ಕೆ ಹೋದ ಹೊತ್ತು ನೋಡಿ, ಲೊರ್ನಾ ರೇಮಂಡನ ಸ್ಪಾನರ್ ಹಿಡಿದು ಗಾಡಿಯ ಬೋನೆಟ್ ಎತ್ತಿದಳು. ಕಾನ್ವೆಂಟಿನಲ್ಲಿ ಇಂಥದ್ದನ್ನು ಕಲಿಸಿರಲಿಲ್ಲ. ಅರ್ಧ ಗಂಟೆ ಹೋರಾಡಿ, ಎರಡು ಉಗುರು ಮುರಿದುಕೊಂಡು, ತಲೆಗೂದಲು ಬಿಚ್ಚಿಹೋಗಿ, ಆ ದಪ್ಪ ವಯರನ್ನು ಕೊನೆಗೂ ಕಳಚಿದಳು. ಏಳು ವರ್ಷಗಳಲ್ಲಿ ಅವಳು ಆ ಗಾಡಿಗೆ ಸ್ವಂತ ಕೈಯಿಂದ ಮಾಡಿದ ಮೊದಲ ರಿಪೇರಿ ಅದು.

ಭಾನುವಾರ ಕೂಸಪ್ಪ ಗುಂಡಿ ಒತ್ತಿದ. ಶಬ್ದವಿಲ್ಲ.

"ಅಯ್ಯೋ ದೇವರೇ! ಬ್ಯಾಟರಿ ಹೋಯಿತಾ?" ಎಂದು ಲೊರ್ನಾ ಎದೆ ಹಿಡಿದುಕೊಂಡಳು.

"ನಿಲ್ಲಿ ಬಾಯಮ್ಮ, ಬೋನೆಟ್ ತೆಗೆದು ನೋಡುವಾ."

"ಬೇಡ ಬೇಡ! ಮುಟ್ಟಬೇಡ! ಪೂಜೆಗೆ ತಡವಾಗುತ್ತದೆ. ಯಾರಾದರೂ ದೂಡಲಿಕ್ಕೆ ಸಿಗುತ್ತಾರಾ ನೋಡು."

ನೋಡುವ ಕಷ್ಟವೇ ಇರಲಿಲ್ಲ. ಗೇಟಿನ ಹೊರಗೆ, ಅಂದು ಏಕೋ ಎಲ್ಲರೂ ನಿಂತಿದ್ದರು. ಲಿಗೋರಿ ತೋಳು ಮಡಚುತ್ತಾ ಬಂದ. ಅಪ್ಪಿ ಬುಟ್ಟಿಯನ್ನು ಹಿಂದಿನ ಬಾಗಿಲಿನೊಳಗೆ ತಳ್ಳಿದಳು. ಬೆನೆಡಿಕ್ಟಾ ಬಾಯಿ ತಮ್ಮ ಮಡ್ಗಾರ್ಡನ್ನು ಸೆರಗಿನಿಂದ ಒಮ್ಮೆ ಒರೆಸಿಯೇ ಕೈಯಿಟ್ಟರು.

"ಒಬ್ಬರು ಕಡಿಮೆ ಉಂಟು," ಎಂದ ಲಿಗೋರಿ. "ಬಲಗಡೆ ಹಿಂದಿನ ಮೂಲೆ ನನ್ನ ತಮ್ಮನದು. ಅದು ಖಾಲಿ. ಐದು ಜನರಿಗೆ ಗಾಡಿ ಅಲ್ಲಾಡುವುದಿಲ್ಲ."

ಎಲ್ಲರೂ ಲೊರ್ನಾಳ ಕಡೆ ನೋಡಿದರು. ಅವಳು ಆಲಿಸ್‌ಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕೆಳಗಿಳಿದು, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ಹೋಗಿ ಬಲಗಡೆಯ ಹಿಂದಿನ ಮೂಲೆಗೆ ಕೈಯಿಟ್ಟಳು.

"ಹೋ... ಹೊಯ್!"

ಪಕ್ಕದಲ್ಲಿ ಅಪ್ಪಿಯ ಭುಜ ತಾಗುತ್ತಿತ್ತು. ಲಿಗೋರಿ ಸೀನಿದ, ಅವಳು ಲೆಕ್ಕವಿಡಲಿಲ್ಲ. ಗಾಡಿ ಉರುಳಿತು, ಗೇಟು ದಾಟಿತು, ಇಳಿಜಾರಿನಲ್ಲಿ ಎರಡು ಸಲ ಬಿಕ್ಕಳಿಸಿತು. ಎಂಜಿನ್ ಹಿಡಿದೊಡನೆ ಲೊರ್ನಾ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ತಟ್ಟಿದ್ದೇ ತಪ್ಪಾಯಿತು. ಆ ಹೊತ್ತಿನಲ್ಲಿ ಉಳಿದವರು ಓಡುತ್ತಿದ್ದರು. ಬೆನೆಡಿಕ್ಟಾ ಬಾಯಿ ಹಾರಿ ಮುಂದಿನ ಸೀಟಿಗೇ ಬಿದ್ದು ಆಲಿಸ್‌ಳನ್ನು ಮಡಿಲಿಗೆಳೆದುಕೊಂಡರು. ಸೊಸೆಯಂದಿರು, ಲಿಗೋರಿ, ಅಪ್ಪಿ ಎಲ್ಲರೂ ತಮ್ಮ ತಮ್ಮ ಜಾಗ ಸೇರಿದರು. ಲೊರ್ನಾ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಒಂದು ಚಪ್ಪಲಿಯ ಹಿಮ್ಮಡಿ ಕಿತ್ತುಹೋಯಿತು.

"ಕೂಸಪ್ಪ! ನಿಲ್ಲಿಸು!"

"ನಿಲ್ಲಿಸಿದರೆ ಬಂದ್ ಆಗ್ತದೆ ಬಾಯಮ್ಮಾ!" ಎಂದು ಗಾಡಿಯ ಸದ್ದಿನೊಳಗಿನಿಂದ ಉತ್ತರ ಬಂತು. ಮೇಲೆ ಅಭ್ಯಾಸಬಲದ "ಒಳಗೆ ಬನ್ನಿ, ಒಳಗೆ ಬನ್ನಿ!" ಕೂಡ.

ಗಾಡಿ ತಿರುವಿನಲ್ಲಿ ಮರೆಯಾಯಿತು. ಒಳಗಿನ ನಗು ಸ್ವಲ್ಪ ಹೊತ್ತು ಕೇಳಿಸಿ ಅದೂ ನಿಂತಿತು. ಗಾಡಿ ತುಂಬಬೇಕೆಂದು ಅವಳು ಬಯಸಿದ್ದಳು, ಗಾಡಿ ತುಂಬಿತ್ತು. ಅವಳು ಇಳಿಜಾರಿನ ನಡುವೆ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬಳೇ ನಿಂತಿದ್ದಳು. ಇಷ್ಟೇ ಬಾಕಿ ಇತ್ತೆಂಬ ಹಾಗೆ ತುಂತುರು ಮಳೆಯೂ ಶುರುವಾಯಿತು.

ಎರಡು ಮೈಲಿ ನಡೆದು ಅವಳು ಇಗರ್ಜಿ ಮುಟ್ಟಿದಾಗ ಪೂಜೆ ಬಿಟ್ಟಿತ್ತು. ಗಾಡಿ ಇಳಿಜಾರಿಗೆ ಮುಖಮಾಡಿ ನಿಂತಿತ್ತು. ಅಪ್ಪಿಯ ಬುಟ್ಟಿ ಖಾಲಿಯಾಗಿತ್ತು. ಎಲ್ಲರೂ ಅವಳಿಗಾಗಿಯೇ ಕಾಯುತ್ತಿದ್ದರು. ಆಲಿಸ್ ಬೆನೆಡಿಕ್ಟಾ ಬಾಯಿಯ ಸೊಂಟದ ಮೇಲಿದ್ದಳು, ತುಟಿಗೆಲ್ಲ ಬೆಲ್ಲ ಮೆತ್ತಿಕೊಂಡು.

ಕೂಸಪ್ಪ ಜೇಬಿನಿಂದ ಒಂದು ಹೇರ್‌ಪಿನ್ ತೆಗೆದು ನೀಡಿದ. "ಇದು ನಿಮ್ಮದು ಅಲ್ವಾ ಬಾಯಮ್ಮ? ನಿನ್ನೆ ಊಟ ಮಾಡಿ ಬಂದಾಗ ಬೋನೆಟ್ ಒಳಗೆ ಸಿಕ್ಕಿತು. ವಯರನ್ನು ಆಗಲೇ ಸರಿ ಮಾಡಿದ್ದೆ."

ಲೊರ್ನಾಳ ಮುಖ ಕೆಂಪಾಯಿತು. "ಹಾಗಾದರೆ ಬೆಳಿಗ್ಗೆ...?"

"ಕೂಸಪ್ಪ ಬಂದು ಹೇಳಿದ, ನಾನೇ ಪುನಃ ಬಿಚ್ಚಿಸಿದ್ದು," ಎಂದರು ಬೆನೆಡಿಕ್ಟಾ ಬಾಯಿ. "ನೀನು ಅಷ್ಟು ಕಷ್ಟಪಟ್ಟು ಬಿಚ್ಚಿದ್ದು ಹಾಳಾಗುವುದು ಬೇಡ ಅಂತ. ನಮಗೂ ನಡೆದು ನಡೆದು ಕಾಲು ಸೋತಿತ್ತು."

ಏಳು ವರ್ಷ 'ನೀವು' ಎನ್ನುತ್ತಿದ್ದವರು 'ನೀನು' ಎಂದದ್ದನ್ನು ಲೊರ್ನಾ ಗಮನಿಸಿದಳು. ಆದರೂ ಬಿಡದೆ ಕೇಳಿದಳು, "ಅಂದು ದಾರಿಯಲ್ಲಿ ನಾನು ಕರೆದಿರಲಿಲ್ಲವಾ?"

"ಕರೆದದ್ದು ಹೌದು. ಜಾಗ ಖಾಲಿ ಉಂಟು ಅಂತ ಕರೆದದ್ದು. ನಮಗೋಸ್ಕರ ಅಲ್ಲ, ಜಾಗಕ್ಕೋಸ್ಕರ." ಬೆನೆಡಿಕ್ಟಾ ಬಾಯಿ ಮಗುವನ್ನು ಎತ್ತಿಕೊಂಡೇ ಮುಂದಿನ ಸೀಟು ಹತ್ತಿದರು. "ದೂಡಲಿಕ್ಕೆ ಬಂತು ನಿನಗೆ. ಹತ್ತಲಿಕ್ಕೆ ಇನ್ನು ಕಲಿಯಬೇಕು. ಬರುವ ವಾರ ಚಪ್ಪಲಿ ಹಾಕಬೇಡ."

ಲೊರ್ನಾ ಮುಂದಿನ ಬಾಗಿಲಿಗೆ ಕೈ ಹಾಕಿದಳು.

"ಅಲ್ಲಿ ಅಲ್ಲ ಬಾಯಮ್ಮ," ಎಂದಳು ಅಪ್ಪಿ, ಬಹಳ ವಿನಯದಿಂದ. "ನೀವು ದೂಡಿದ್ದು ಹಿಂದಿನ ಮೂಲೆ ಅಲ್ವಾ?"

ಹೀಗೆ ಗಾಡಿಯ ಯಜಮಾನತಿ ಕೊನೆಯ ಸಾಲಿನಲ್ಲಿ, ಸ್ಟೆಪ್ನಿ ಟೈರಿಗೂ ಮೀನಿನ ಬುಟ್ಟಿಗೂ ನಡುವೆ, ಮಡಿಲಲ್ಲಿ ಯಾರದೋ ಸೌತೆಕಾಯಿಯ ಗಂಟು ಹೊತ್ತು ಹಿಂದಕ್ಕೆ ಮುಖಮಾಡಿ ಕುಳಿತಳು. ತಾನು ಒಬ್ಬಳೇ ನಡೆದು ಬಂದ ದಾರಿ ಗಾಜಿನಾಚೆ ಬಿಚ್ಚಿಕೊಳ್ಳುತ್ತಾ ಹೋಯಿತು. ಬೆನ್ನ ಹಿಂದೆ ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು. ಒಂದು ಮೊಳೆಯ ಸದ್ದೂ ಕೇಳುತ್ತಿರಲಿಲ್ಲ. ಆಲಿಸ್ ಒಮ್ಮೆಯೂ ಹಿಂದಿರುಗಿ ಅಮ್ಮ ಎಲ್ಲಿ ಎಂದು ನೋಡಲಿಲ್ಲ.

ಮಳೆಯಲ್ಲಿ ನೆನೆದದ್ದಕ್ಕೋ ಏನೋ, ಲೊರ್ನಾಳ ಮೂಗಿನ ತುದಿ ತುರಿಸಿತು. ತಡೆಯಲು ನೋಡಿದಳು, ಆಗಲಿಲ್ಲ. ಗಾಡಿಯೇ ಅದುರುವ ಹಾಗೆ ಸೀನಿದಳು.

ಮಾತು ನಿಂತಿತು. ಮುಂದಿನ ಸೀಟಿನಲ್ಲಿ ಬೆನೆಡಿಕ್ಟಾ ಬಾಯಿ ಆಲಿಸ್‌ಳ ಮುಖಕ್ಕೆ ಸೆರಗು ಮುಚ್ಚಿ, ಕತ್ತು ತಿರುಗಿಸಿ ಗದರಿದರು.

"ಕರವಸ್ತ್ರ ಹಿಡಿ ಬಾಯಿ! ಗಾಡಿಯಲ್ಲಿ ಮಗು ಉಂಟು!"