ಸ್ನಾನ ಮಾಡಿಬಂದ ನಾಯಿಯ ಪರವಾಗಿ ಹೋತರಾಯರಿಗೆ

ಶ್ರೀಮದ್ ದಫೇದಾರ ಹೋತರಾಯರ ಗೊರಸುಗಳ ಸನ್ನಿಧಿಗೆ,
ಸಣ್ಣರಂಗಯ್ಯನವರ ಕುರಿಮಂದೆ, ಹುಲಿಕುಂಟೆ, ಸಿರಾ ತಾಲ್ಲೂಕು.

ವಿಷಯ: ಕರಡಿ ಎಂಬ ನಾಯಿಯನ್ನು, ಶುಚಿಯಾಗಿದ್ದ ಒಂದೇ ಕಾರಣಕ್ಕೆ, ಮಂದೆಯ ಕಾವಲಿನಿಂದ ತೆಗೆದುಹಾಕಿರುವ ಬಗ್ಗೆ.

ಮಾನ್ಯರೇ,

ತಮ್ಮ ಕೊಂಬುಗಳಿಗೆ, ಕೊರಳ ಗಂಟೆಗೆ ಮತ್ತು ವಿಶೇಷವಾಗಿ ತಮ್ಮ ಗಡ್ಡಕ್ಕೆ ನನ್ನ ಬೇರೆ ಬೇರೆ ವಂದನೆಗಳು. ತಾವು ಮೇಕೆಯ ಕುಲದಲ್ಲಿ ಹುಟ್ಟಿಯೂ ಕುರಿಗಳಿಗೆ ನಾಯಕರಾದವರು. ತಾವು ಎತ್ತ ಮುಖ ಮಾಡಿದರೆ ಅತ್ತ ಇಡೀ ಮಂದೆ ತಲೆ ತಗ್ಗಿಸಿಕೊಂಡು ಹೊರಡುತ್ತದೆ, ಯಾಕೆ ಎಂದು ಒಬ್ಬರೂ ಕೇಳುವುದಿಲ್ಲ. ಇಂಥ ಶಿಸ್ತು ನಾನು ಕನ್ನಡ ಪಾಠ ಹೇಳುವ ಕಾಲೇಜಿನಲ್ಲಿ ಇಲ್ಲ. ಕುರಿ ಕೂಡುವ ತಮ್ಮ ರೊಪ್ಪಕ್ಕೂ ನಮ್ಮ ಹಿತ್ತಿಲಿಗೂ ನಡುವೆ ಇರುವುದು ಒಂದು ಜಾಲಿಮುಳ್ಳಿನ ಬೇಲಿ ಮಾತ್ರವಾದ್ದರಿಂದ, ಇಷ್ಟು ವರ್ಷ ತಮ್ಮ ಆಡಳಿತವನ್ನು ಹತ್ತಿರದಿಂದ ನೋಡುವ, ಗಾಳಿ ಈ ಕಡೆ ಬೀಸಿದಾಗಲೆಲ್ಲ ಅದನ್ನು ಮೂಗಿನಿಂದಲೂ ಅನುಭವಿಸುವ ಭಾಗ್ಯ ನನ್ನದಾಗಿದೆ. ನಾನು ಓದಿದ ಕವಿತೆಗಳಲ್ಲಿ ಕುರಿಮಂದೆ ಎಂದರೆ ಬೆಟ್ಟ ಇಳಿದು ಬಂದ ಮೋಡ. ಆ ಕವಿಗಳು ರೊಪ್ಪದ ಯಾವ ಬದಿಗೆ ನಿಂತು ಬರೆದರೋ ತಿಳಿಯದು.

ಕರಡಿಯ ಪರಿಚಯ ತಮಗೆ ಬೇಕಿಲ್ಲ, ಆದರೂ ಇದು ಬಹಿರಂಗ ಪತ್ರವಾದ್ದರಿಂದ ಓದುವವರ ಅನುಕೂಲಕ್ಕೆ ಹೇಳುತ್ತೇನೆ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಯಾವುದೋ ಕಾರಿನಿಂದ ಇಳಿಸಿ ಬಿಟ್ಟುಹೋದ, ಅರ್ಧ ಪರದೇಶದ, ಅರ್ಧ ಯಾವ ದೇಶದ್ದೆಂದು ಹೇಳಲಾಗದ ಮರಿ ಅದು. ಮೈತುಂಬ ಕಪ್ಪು ಕೂದಲು ಜೋಲುತ್ತಿದ್ದುದರಿಂದ, ಮಧುಗಿರಿ ಕಡೆಯ ಗುಡ್ಡಗಳಲ್ಲಿರುವ ನಿಜವಾದ ಕರಡಿಗಳ ನೆನಪಾಗಿ, ಸಣ್ಣರಂಗಯ್ಯನವರು ಆ ಹೆಸರಿಟ್ಟರು. ಅದು ಬೆಳೆದದ್ದು ತಮ್ಮ ಕುರಿಗಳ ಹೊಟ್ಟೆಗೆ ಬೆನ್ನು ಒತ್ತಿ ಮಲಗಿ. ತಾನೂ ಒಂದು ಕುರಿ, ಸ್ವಲ್ಪ ಹೆಚ್ಚಿನ ಜವಾಬ್ದಾರಿ ಇರುವ ಕುರಿ ಎಂದೇ ಅದರ ತಿಳಿವಳಿಕೆ. ತೋಳ ಬಂದಾಗ ಮಾತ್ರ ಆ ತಿಳಿವಳಿಕೆಯನ್ನು ಬದಿಗಿಟ್ಟು ನಾಯಿಯಾಗುತ್ತಿತ್ತು. ತಮ್ಮ ಮಂದೆಯಲ್ಲಿ ತೋಳದ ಬಾಯಿಗೆ ಒಂದು ಮರಿಯೂ ಹೋಗಿಲ್ಲವೆನ್ನುವುದು ತಮ್ಮ ಆಡಳಿತದ ಸಾಧನೆಯೆಂದು ಊರು ತಿಳಿದಿದೆ. ತಾವೂ ಹಾಗೆಯೇ ತಿಳಿದಿರುವಂತೆ ಕಾಣುತ್ತದೆ.

ಈಗ ತೊಂದರೆಯ ಮೂಲಕ್ಕೆ ಬರುತ್ತೇನೆ. ನನ್ನ ಅಕ್ಕನ ಮಗಳು ಮಧುಶ್ರೀ ಸಿರಾದಲ್ಲಿ ನಾಯಿಗಳ ಕ್ಷೌರ ಮತ್ತು ಸ್ನಾನದ ಪಾರ್ಲರ್ ತೆರೆದಳು. ಅದಕ್ಕೆ ಬೇಕಾದ ಸಲಕರಣೆಗಳು ಒಂದು ಭಾರಿ ಪೆಟ್ಟಿಗೆಯಲ್ಲಿ ಬಂದವು. ಪೆಟ್ಟಿಗೆಯ ಮೇಲೆ ‘ಮನೆಗೂ ವೃತ್ತಿಪರರಿಗೂ ಅತ್ಯವಶ್ಯ’ ಎಂದು ಬರೆದಿತ್ತು. ಇಷ್ಟೆಲ್ಲ ಅತ್ಯವಶ್ಯಗಳಿಲ್ಲದೆ ನನ್ನ ತಾಯಿ ಒಂದು ಬಾಚಣಿಗೆ, ಒಂದು ಸೀರಣಿಗೆಯಲ್ಲಿ ನಾಲ್ಕು ಹೆಣ್ಣುಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸಿದ್ದಳೆಂಬುದು ನೆನಪಾಗಿ ನನಗೆ ನಾಚಿಕೆಯಾಯಿತು. ಪೆಟ್ಟಿಗೆಯಲ್ಲಿ ಬಾಗಿದ ತಂತಿಹಲ್ಲಿನ ಬ್ರಷ್ಷು ಮನೆಯದೊಂದು, ವೃತ್ತಿಪರರದೊಂದು ಇತ್ತು, ಒಳಗೂದಲನ್ನು ಎಳೆದು ತೆಗೆಯುವ, ಹೊಲದಲ್ಲಿ ಹೊಡೆಯುವ ಕುಂಟೆಯ ಮರಿಯಂಥದೊಂದು ಇತ್ತು, ಉಗುರು ಕತ್ತರಿಸುವುದಕ್ಕೊಂದು ಉಪಕರಣ, ಕತ್ತರಿಸಿದ ಉಗುರಿಗೆ ಬೇಸರವಾಗದಂತೆ ಅದನ್ನು ನುಣುಪು ಮಾಡುವುದಕ್ಕೆ ತಿರುಗುವ ಇನ್ನೊಂದು ಉಪಕರಣ, ಕೂದಲು ಕತ್ತರಿಸುವ ಕರೆಂಟಿನ ಮಿಷನ್ನು, ಅದರ ಬಾಯಿಗೆ ಸಿಕ್ಕಿಸಲು ಸಣ್ಣದು ದೊಡ್ಡದು ಬಾಚಣಿಗೆಗಳು, ಮತ್ತು ಒದ್ದೆ ಮೈಯನ್ನು ಒಣಗಿಸುವ ಒಂದು ಗಾಳಿಯಂತ್ರ. ಈ ಕೊನೆಯದನ್ನು ಹಾಕಿದಾಗ ಬೋರ್‌ವೆಲ್ ಲಾರಿ ಬಂತೆಂದು ಅಕ್ಕಪಕ್ಕದವರು ಹೊರಗೆ ಬಂದು, ಯಾರ ಹೊಲದಲ್ಲಿ ಎಂದು ವಿಚಾರಿಸಿದರು.

ಪಾರ್ಲರಿನ ಬೋರ್ಡಿಗೆ ‘ಮೊದಲು’ ಮತ್ತು ‘ಆಮೇಲೆ’ ಎಂಬ ಎರಡು ಫೋಟೊ ಬೇಕಾಗಿತ್ತು. ಕರಡಿಯಷ್ಟು ಸಂಪೂರ್ಣವಾಗಿ ‘ಮೊದಲು’ ಆಗಿದ್ದ ನಾಯಿ ಮಧುಗಿರಿ, ಸಿರಾ, ಪಾವಗಡ ಮೂರೂ ಕಡೆ ಇರಲಿಲ್ಲ. ಉತ್ತರಾಣಿ, ನೆಗ್ಗಿಲುಮುಳ್ಳು ಸೇರಿ ಅದರ ಕೂದಲು ಗಂಟುಗಟ್ಟಿದ್ದರಿಂದ ಸಣ್ಣರಂಗಯ್ಯನವರೂ ಒಪ್ಪಿದರು. ಕರೆದುಕೊಂಡು ಹೋದವಳು ನಾನೇ. ಮನೆಯ ಬ್ರಷ್ಷು ಮೊದಲ ಎಳೆತಕ್ಕೇ ಹಲ್ಲು ಕಳೆದುಕೊಂಡಿತು, ವೃತ್ತಿಪರ ಬ್ರಷ್ಷು ಸ್ವಲ್ಪ ಹೊತ್ತು ಹೋರಾಡಿ ಆಮೇಲೆ ಕಳೆದುಕೊಂಡಿತು. ಮನೆಗೂ ವೃತ್ತಿಪರರಿಗೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಆಗಲೇ. ಕೊನೆಗೆ ಕರೆಂಟಿನ ಮಿಷನ್ನು ಗೆದ್ದಿತು. ಕೂದಲ ರಾಶಿಯೊಳಗಿಂದ ಸಣ್ಣರಂಗಯ್ಯನವರ ಹೆಂಡತಿ ಓಬಳಮ್ಮನವರು ಕಳೆದುಕೊಂಡಿದ್ದ ಸೇಫ್ಟಿ ಪಿನ್ನು, ಗಂಟೆ ಕಟ್ಟುವ ಹುರಿಯ ತುಂಡು ಮತ್ತು ಕರಡಿಯ ಅರ್ಧದಷ್ಟಿದ್ದ ಒಂದು ಅಪರಿಚಿತ ನಾಯಿ ಸಿಕ್ಕಿದವು. ಆ ಅಪರಿಚಿತನಿಗೆ ಲ್ಯಾವೆಂಡರ್ ಎಂಬ ಹೂವಿನ ಶಾಂಪೂ ಹಾಕಿ ತೊಳೆದು, ಅದೇ ಹೂವಿನ ಪೌಡರು ಚಿಮುಕಿಸಿ, ಕೊರಳಿಗೆ ಕೆಂಪು ಟೇಪು ಕಟ್ಟಿದರು. ಫೋಟೊದಲ್ಲಿ ಅದರ ಮುಖ, ಪರೀಕ್ಷೆಯಲ್ಲಿ ಪಾಸಾದರೂ ಕೆಲಸ ಸಿಗದವರ ಮುಖದ ಹಾಗಿದೆ.

ಸಂಜೆ ಊರಿಗೆ ಕರೆತಂದಾಗ ಓಬಳಮ್ಮನವರು ಸೊಂಟದ ಮೇಲೆ ಕೈಯಿಟ್ಟು ನೋಡಿ, “ಇದ್ಯಾರ ಮನೆ ಮದುಮಗನವ್ವಾ, ಬಾಸಿಂಗ ಒಂದು ಕಟ್ಟಿಲ್ಲ ನೋಡು” ಅಂದರು. ಕರಡಿ ಅದಕ್ಕೆ ತಲೆ ಕೆಡಿಸಿಕೊಳ್ಳದೆ, ದಿನವೆಲ್ಲ ರಜೆ ಹಾಕಿದ ನೌಕರನ ಆತುರದಲ್ಲಿ ರೊಪ್ಪದೊಳಗೆ ನುಗ್ಗಿತು. ಆಮೇಲೆ ತಾವು ತೆಗೆದುಕೊಂಡ ಕ್ರಮ ಇತಿಹಾಸಕ್ಕೆ ಸೇರತಕ್ಕದ್ದು. ತಾವು ಮೇಲ್ದುಟಿ ಎತ್ತಿ ಮೂಸಿದಿರಿ, ಮುಂಗಾಲಿನಿಂದ ನೆಲ ಗುದ್ದಿದಿರಿ, ಒಂದು ಸೀನು ಸೀನಿದಿರಿ. ಆ ಸೀನೇ ಆದೇಶವೆಂದು ತಿಳಿದ ಇಡೀ ಮಂದೆ ಬೇಲಿ ಕಿತ್ತುಕೊಂಡು ಓಡಿ ಪಾವಗಡದ ಬಸ್ಸಿನ ಮುಂದೆ ನಿಂತಿತು. ಬಸ್ಸಿನ ಚಾಲಕರು ತೆಲುಗಿನಲ್ಲಿ ಹೇಳಿದ್ದನ್ನು ನಾನು ಸ್ನಾತಕೋತ್ತರ ಪದವೀಧರೆಯಾಗಿ ಇಲ್ಲಿ ಅನುವಾದಿಸಲಾರೆ.

ಅಂದಿನಿಂದ ಕರಡಿ ಬೇಲಿಯ ಹೊರಗಿದೆ. ಒಳಗೆ ಕಾಲಿಟ್ಟರೆ ತಾವು ಕೊಂಬು ತಗ್ಗಿಸುತ್ತೀರಿ, ಕುರಿಗಳು ಮೂಲೆಗೆ ಒತ್ತಿಕೊಳ್ಳುತ್ತವೆ. ಅದು ಬೊಗಳುವುದಿಲ್ಲ. ಮುಳ್ಳಿನ ಸಂದಿಗೆ ಮೂತಿ ಇಟ್ಟು ಮಲಗುತ್ತದೆ, ಹಾಕಿದ ಮುದ್ದೆ ಹಾಗೆಯೇ ಒಣಗುತ್ತದೆ. ಕುರಿಗಳ ತುಪ್ಪಟ, ಅಂದರೆ ಉಣ್ಣೆ, ಕತ್ತರಿಸಿದ ಮೇಲೆ ಮಂದೆ ಕ್ಯಾತಗಾನಚೆರ್ಲು ಕಡೆಯ ಹೊಲಗಳಿಗೆ ಹೊರಡಬೇಕು. ಆ ದಾರಿಯಲ್ಲಿ ತೋಳಗಳಿವೆಯೆಂಬುದು ತಮಗೂ ಗೊತ್ತು, ತೋಳಗಳಿಗೂ ಗೊತ್ತು. ಸಣ್ಣರಂಗಯ್ಯನವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಬೇಲಿಯ ಆಚೆಯಿಂದ, “ಕುರಿ ಒಪ್ಪದ ನಾಯಿ ಕಟ್ಕಂಡು ನಾನೇನ್ ಮಾಡ್ಲಿ ಮೇಡಮ್ಮೋರೆ, ತಾವರೆಕೆರೆಯಿಂದ ಬ್ಯಾರೆ ನಾಯಿ ತತ್ತೀನಿ. ಇದುನ್ನ ನಿಮ್ ಹುಡ್ಗಿ ಗಾಜಿನ ಪೆಟ್ಗೇಲಿ ಇಟ್ಕಳ್ಲಿ ಬುಡಿ” ಅಂದರು. ಮಧುಶ್ರೀಯಂತೂ ಪಾರ್ಲರಿನ ಗಾಜಿನ ಹಿಂದೆ ಕೂರಿಸಲು ಆಗಲೇ ಒಂದು ದಿಂಬು ತಂದಿದ್ದಾಳೆ. ತಮ್ಮ ಮಂದೆಯೊಡನೆ ಬೆಟ್ಟ ಬಯಲು ಅಲೆದ ಜೀವ ದಿಂಬಿನ ಮೇಲೆ ಕೂತು ಬಸ್ಸು ಎಣಿಸಬೇಕು. ಇದು ನನ್ನ ದೂರಿನ ತಿರುಳು. ಉಳಿದದ್ದೆಲ್ಲ ಗೌರವ.

ಸಮಸ್ಯೆಯನ್ನು ನಮ್ಮ ಮಟ್ಟದಲ್ಲೇ ಬಗೆಹರಿಸಲು ಪ್ರಯತ್ನಿಸಲಿಲ್ಲವೆಂದು ತಾವು ಆಕ್ಷೇಪಿಸಬಾರದು. ತಮ್ಮ ಕುರಿಗಳ ತುಪ್ಪಟದಿಂದಲೇ ನೇಯ್ದ ಹಳೆಯ ಕಂಬಳಿಯೊಂದನ್ನು, ತಮ್ಮವರ ವಾಸನೆ ತಮ್ಮವರಿಗೆ ಹಿಡಿಸೀತೆಂದು, ಕರಡಿಗೆ ಹೊದಿಸಿ ಕಳಿಸಿದೆ. ಒಂದು ಕಂಬಳಿ ತಾನಾಗಿಯೇ ನಡೆದು ಬರುವುದನ್ನು ಕಂಡ ಮಂದೆ ಎರಡನೇ ಸಲ ಬೇಲಿ ಕಿತ್ತಿತು. ಆಗ ನಾನು ಪೆಟ್ಟಿಗೆಯಲ್ಲಿ ಅಷ್ಟಿಷ್ಟು ಹಲ್ಲು ಉಳಿದಿದ್ದ ಬ್ರಷ್ಷನ್ನು ತಂದು, ಮೊದಲು ತಮ್ಮ ಮೈಗೆ ಆಡಿಸಿ, ತಮ್ಮ ಆ ಪ್ರಖ್ಯಾತ ಗಂಧವನ್ನು ಅದರ ಹಲ್ಲುಗಳಲ್ಲಿ ಸಂಗ್ರಹಿಸಿ, ಆಮೇಲೆ ಅದರಿಂದಲೇ ಕರಡಿಯನ್ನು ಬಾಚುವುದೆಂದು ನಿಶ್ಚಯಿಸಿದೆ. ಎರಡೂ ಕಡೆಗೆ ಒಂದೇ ವಾಸನೆಯಾದರೆ ತಕರಾರಿಗೆ ಎಲ್ಲಿದೆ ಜಾಗ?

ಇಲ್ಲಿಯೇ ತಮ್ಮ ನಿಜವಾದ ಘನತೆ ಬೆಳಕಿಗೆ ಬಂದದ್ದು. ಬ್ರಷ್ಷು ಬೆನ್ನ ಮೇಲೆ ಬಿದ್ದ ಕೂಡಲೇ ತಾವು ಕಣ್ಣು ಮುಚ್ಚಿದಿರಿ. ಕತ್ತು ನೀಡಿದಿರಿ. ಎಡಗಡೆ ಮುಗಿದಾಗ ತಾವೇ ತಿರುಗಿ ಬಲಗಡೆ ಒಡ್ಡಿದಿರಿ. ಹೀಗೆ ಎರಡೂ ಬದಿಯ ಸೇವೆಯನ್ನು ಸಂಪೂರ್ಣವಾಗಿ ಸ್ವೀಕರಿಸಿ, ಮೈಕೊಡವಿ, ಹೋಗಿ ಕರಡಿಗೆ ಗುದ್ದಿದಿರಿ. ಸ್ವೀಕರಿಸಿದ ಮೇಲೂ ಕೆಲಸ ಮಾಡಿಕೊಡದ ಅಧಿಕಾರಿಗಳ ಬಗ್ಗೆ ಕೇಳಿದ್ದೆ, ಆದರೆ ಅವರಿಗೆ ಗಡ್ಡವಿರುತ್ತದೆ, ಕೊರಳಲ್ಲಿ ಗಂಟೆಯಿರುತ್ತದೆ ಎಂದು ತಿಳಿದಿರಲಿಲ್ಲ.

ಅಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ತಾವು ಮೇವಿಗೆ ಹೋಗುವ ಬದಲು ನಮ್ಮ ಗೇಟಿಗೆ ಬಂದಿರಿ. ತಾವು ಬಂದಮೇಲೆ ತಮ್ಮ ಹಿಂದಿನವರು ಬರದೆ ಇರುತ್ತಾರೆಯೇ? ಈಗ ಪ್ರತಿದಿನವೂ ತಮ್ಮ ಮೈ ಬಾಚುವ ತನಕ ಇಡೀ ಮಂದೆ ನಮ್ಮ ಅಂಗಳದಲ್ಲಿ ಕಾಯುತ್ತದೆ, ಕಾಯುವ ಬೇಸರಕ್ಕೆ ದಾಸವಾಳ, ಕರಿಬೇವು, ಒಣಹಾಕಿದ ಹುಣಿಸೆಹಣ್ಣು ಸೇವಿಸುತ್ತದೆ. ನಾನು ಜಗಲಿಯ ಮೇಲೆ ಮಗುಚಿಟ್ಟಿದ್ದ ಕವನಸಂಕಲನದಲ್ಲಿ ತಾವು ಪ್ರೇಮಕವಿತೆಗಳನ್ನು ಪೂರ್ತಿ ತಿಂದು, ಮುನ್ನುಡಿಯನ್ನು ಮುಟ್ಟದೆ ಬಿಟ್ಟಿದ್ದೀರಿ. ತಮ್ಮ ಅಭಿರುಚಿಯ ಬಗ್ಗೆ ನನಗೆ ಒಂದು ಮಾತೂ ಇಲ್ಲ. “ನಮ್ ದಫೇದಾರ ಈಗ ಬಾಚಿಸ್ಕಳ್ದೆ ಬೆಟ್ಟ ಹತ್ತಕಿಲ್ಲ ಕಣವ್ವ,” ಎಂದು ಓಬಳಮ್ಮನವರು ಊರಿಗೆಲ್ಲ ಹೇಳಿಕೊಂಡು ನಗುತ್ತಾರೆ. ಹೀಗೆ, ನಾಯಿಗೆಂದು ಬಂದ ಅತ್ಯವಶ್ಯ ಸಲಕರಣೆ ಹೋತಕ್ಕೆ ಅತ್ಯವಶ್ಯವಾಗಿದೆ, ನಾಯಿ ಮಾತ್ರ ಯಾರಿಗೂ ಅವಶ್ಯವಿಲ್ಲದೆ ಬೇಲಿಯ ಹೊರಗೆ ಮಲಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ತಾವು ಕುರಿಗಳ ಸಭೆ ಕರೆದು ಕರಡಿಯ ಹೇಳಿಕೆಯನ್ನು ಕೇಳಬೇಕು. ಅದರ ಹಳೆಯ ವಾಸನೆಗೆ ಪ್ರಮಾಣಪತ್ರ ಕೊಡಬಲ್ಲ ಮುದಿ ಕುರಿಗಳು ಇನ್ನೂ ಇವೆ, ಅವುಗಳ ಸಾಕ್ಷ್ಯ ಪಡೆಯಬೇಕು. ಕೂದಲು ಬೆಳೆಯುವ ತನಕ ಅದನ್ನು ಹಂಗಾಮಿಯಾಗಿ, ಬೇಕಿದ್ದರೆ ಕುರಿಯ ಹುದ್ದೆಯಲ್ಲೇ, ಸೇರಿಸಿಕೊಳ್ಳಬೇಕು. ಹುಲ್ಲು ತಿನ್ನುವ ಷರತ್ತಿಗೂ ಅದು ಒಪ್ಪುತ್ತದೆಂದು ಅದರ ಮುಖ ನೋಡಿದರೆ ಅನ್ನಿಸುತ್ತದೆ. ಇದಾವುದೂ ಆಗದಿದ್ದರೆ ತೋಳಗಳಿಗಾದರೂ ಒಂದು ಸುತ್ತೋಲೆ ಹೊರಡಿಸಿ, ಹೊಸ ನಾಯಿ ಪಳಗುವವರೆಗೆ ಹಸಿವನ್ನು ಮುಂದೂಡುವಂತೆ ಸೂಚಿಸಬೇಕು.

ಒಂದು ಮಾತು ಮಾತ್ರ ನಗದೆ ಹೇಳುತ್ತೇನೆ. ವರ್ಷಕ್ಕೆ ಎರಡು ಸಲ ತಮ್ಮ ಮಂದೆಯ ತುಪ್ಪಟ ಕತ್ತರಿಸುವುದನ್ನು ನಾನು ಬೇಲಿಯ ಈಚೆಯಿಂದ ನೋಡಿದ್ದೇನೆ. ಕೆರೆಯಲ್ಲಿ ಮೈತೊಳೆಸಿಕೊಂಡು, ಬೋಳಾಗಿ, ಎಲುಬು ಕಾಣುವಂತೆ ಅವು ಎದ್ದು ನಿಂತಾಗ ಸ್ವಂತ ಮರಿಗಳಿಗೇ ಗುರುತು ಸಿಗುವುದಿಲ್ಲ. ಮರಿಗಳು ಅರಚುತ್ತಾ ಒಬ್ಬ ತಾಯಿಯಿಂದ ಇನ್ನೊಬ್ಬ ತಾಯಿಗೆ ಓಡುತ್ತವೆ, ಎಲ್ಲರೂ ಅಪರಿಚಿತರು. ಆ ಸಂಜೆ ಕರಡಿ ಒಂದೊಂದರ ಹತ್ತಿರವೂ ಹೋಗಿ, ಮೂಸಿ, ಬಾಲ ಅಲ್ಲಾಡಿಸಿ, ಎಂದಿನ ಜಾಗದಲ್ಲಿ ಕಾವಲಿಗೆ ಮಲಗುತ್ತಿತ್ತು. ನೀನು ಯಾರು, ನಿನ್ನೆಯ ಉಣ್ಣೆ ಎಲ್ಲಿ ಎಂದು ಒಂದನ್ನೂ ಕೇಳುತ್ತಿರಲಿಲ್ಲ. ಬೋಳಾದವರನ್ನೆಲ್ಲ ಗುರುತಿಸಿದ ಜೀವ ತಾನು ಒಂದು ಸಲ ಬೋಳಾಗಿ ಬಂದಿದೆ, ಮಾನ್ಯರೇ. ಕೊಂಬು ಎತ್ತುವ ಮೊದಲು ಒಮ್ಮೆ ಹತ್ತಿರ ಬಂದು ಮೂಸಿ ನೋಡಿ. ಹೂವಿನ ಕೆಳಗೆ ಅದೇ ನಾಯಿ ಇದೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ, ನಾಳೆ ಬೆಳಿಗ್ಗೆಯೂ ಬ್ರಷ್ಷು ಹಿಡಿದು ನಿಲ್ಲಲಿರುವ,
ಶಿವರಂಜನಿ
ಬೇಲಿಯ ಈಚೆ, ಹುಲಿಕುಂಟೆ

ಮರೆತ ಮಾತು: ಬರುವ ಸೋಮವಾರ ತುಪ್ಪಟ ಕತ್ತರಿಸುವ ಮೊದಲು ಮಂದೆಯನ್ನು ಕೆರೆಗೆ ಇಳಿಸುತ್ತಾರಷ್ಟೆ. ಮಧುಶ್ರೀಯ ಅಂಗಡಿಯಿಂದ ಲ್ಯಾವೆಂಡರ್ ಶಾಂಪೂವಿನ ದೊಡ್ಡ ಕ್ಯಾನು, ವೃತ್ತಿಪರರದು, ತರಿಸಿದ್ದೇನೆ. ತಮ್ಮನ್ನೂ ಸೇರಿಸಿ ಎಲ್ಲರಿಗೂ ಸಾಲುತ್ತದೆ. ಸಣ್ಣರಂಗಯ್ಯನವರನ್ನು ಕೇಳಿದೆ, ತುಂಬ ಹೊತ್ತು ತಲೆ ಕೆರೆದುಕೊಂಡು, “ಹಾಕಿ ಅತ್ಲಾಗೆ, ಎಲ್ರೂ ಒಂದೇ ವಾಸ್ನೆ ಆದ್ಮೇಲೆ ಇನ್ಯಾತರ ಜಗಳ. ತಾವರೆಕೆರೆ ನಾಯಿ ಆಮ್ಯಾಕೆ ನೋಡನ” ಅಂದರು. ಅಂದು ಸಂಜೆ ತಾವೆಲ್ಲ ಘಮಘಮಿಸುತ್ತಾ ರೊಪ್ಪಕ್ಕೆ ಬಂದಾಗ ಕರಡಿಗೆ ತಮ್ಮ ಗುರುತು ಸಿಗುತ್ತದೆ, ಆ ಬಗ್ಗೆ ಚಿಂತೆ ಬೇಡ. ತಮ್ಮ ಕುರಿಗಳಿಗೆ ತಮ್ಮ ಗುರುತು ಸಿಕ್ಕೀತೇ ಎಂಬುದಷ್ಟೇ ಪ್ರಶ್ನೆ, ಏಕೆಂದರೆ ಆ ಕರೆಂಟಿನ ಮಿಷನ್ನನ್ನೂ ತರಿಸಿದ್ದೇನೆ, ಮತ್ತು ಅದರ ಅತಿ ಸಣ್ಣ ಬಾಚಣಿಗೆಯನ್ನು ಗಡ್ಡಕ್ಕೆಂದೇ ಮಾಡಿದ್ದಾರಂತೆ.