ಕುಂಕುಮದ ಸೊನ್ನೆಗಳು

ಹೆಸರು ಸರಸ್ವತಮ್ಮ, ಓದಿದ್ದು ಎರಡನೇ ಕ್ಲಾಸು! ಆದರೂ ಹೇಳ್ತೀನಿ ಕೇಳಿ, ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ನನ್ನಷ್ಟು ಕಟ್ಟುನಿಟ್ಟಾಗಿ ಕ್ಯಾಲೆಂಡರ್ ನಡೆಸೋಳು ಇನ್ನೊಬ್ಬಳಿಲ್ಲ. ಅಕ್ಷರ ಕೈಕೊಟ್ಟರೂ ಅಂಕಿ ನನ್ನ ಮಾತು ಮೀರಲ್ಲ. ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತಾಡೋ ಆ ಕ್ಯಾಲೆಂಡರೇ ನನ್ನ ರಾಜ್ಯ.

ನಮ್ಮ ಮನೆ ಇರೋದು ಏರಿನ ತುದಿಯಲ್ಲಿ. ನಲ್ಲಿ ನೀರಿಗೆ ಅಷ್ಟು ಎತ್ತರ ಹತ್ತೋ ಉಸಿರು ಬರೋದು ವಾರಕ್ಕೊಂದೇ ಸಲ. ಆ ದಿನ ಯಾವುದು ಅಂತ ಮುಂಚೆಯೇ ಎಣಿಸಿ, ಒದ್ದೆ ಬೆರಳನ್ನು ಕುಂಕುಮಕ್ಕೆ ಅದ್ದಿ, ರೂಪಾಯಿ ಅಗಲದ ಸೊನ್ನೆ ಸುತ್ತಿಬಿಡ್ತೀನಿ.

"ನನ್ನ ಕ್ಯಾಲೆಂಡರಿಗೆ ಹತ್ತದೆ ಈ ಮನೇಲಿ ಒಂದು ಹುಲ್ಲುಕಡ್ಡೀನೂ ಅಲ್ಲಾಡಲ್ಲ!" ಅಂತ ಯಜಮಾನರ ಮುಂದೆ ಕೊಚ್ಚಿಕೊಂಡಿದ್ದೆ.

ನಮ್ಮ ಯಜಮಾನರು ಗುರುಸ್ವಾಮಿ. ಮಗ್ಗದಿಂದ ತಲೆ ಎತ್ತದೆ "ಊಂ" ಅಂದರು. ವರ್ಷಕ್ಕೆ ನಾಲ್ಕು ಮಾತಾಡೋ ಮನುಷ್ಯ. ಅದರಲ್ಲಿ ಮೂರು "ಊಂ".

ಇಂಥ ಮನೆಗೆ ಕಳೆದ ವರ್ಷ ಸಿಡಿಲಿನಂಥ ಸುದ್ದಿ ಬಂತು. ಒಂಬತ್ತು ವರ್ಷ ನರ್ಸಾಗಿ ಊರವರಿಗೆಲ್ಲ ಸೂಜಿ ಚುಚ್ಚಿದ ನಮ್ಮ ಸೊಸೆ ಶ್ವೇತಾ, ಮೂವತ್ತೆರಡನೇ ವಯಸ್ಸಿನಲ್ಲಿ ಪರೀಕ್ಷೆ ಬರೆದು, ಚಾಮರಾಜನಗರದಲ್ಲಿ ಡಾಕ್ಟರ್ ಓದೋಕೆ ಸೀಟು ಗಿಟ್ಟಿಸಿದಳು! ಬೆಳಗಿನ ಬಸ್ಸಿಗೆ ಹೋಗೋದು, ಸಂಜೆ ಬಸ್ಸಿಗೆ ಬರೋದು. ಯಳಂದೂರು ದಾಟೋದರೊಳಗೆ ಒಂದು ಪಾಠ ಬಾಯಿಪಾಠ. ಕ್ಲಾಸಿನ ಮಕ್ಕಳೆಲ್ಲ ಹದಿನೆಂಟರವರು, ಇವಳನ್ನು ಕರೆಯೋದೇ "ಅಕ್ಕ" ಅಂತ.

ಎದುರುಮನೆ ದೊಡ್ಡಬಸಮ್ಮ ಅವತ್ತೇ ಓಡಿ ಬಂದಳು.

"ಏನ್ ಸರಸ್ವತಕ್ಕ, ಮಗು ಎತ್ಕೊಳೋ ವಯಸ್ಸಲ್ಲಿ ನಿನ್ ಸೊಸೆ ಬ್ಯಾಗ್ ಎತ್ಕಂಡು ಓಯ್ತಾವ್ಳಲ್ಲಾ?"

"ಎರಡ್ನೂ ಎತ್ಕತಾಳೆ ಬುಡು ಬಸಕ್ಕ! ಬೆನ್ನಿಗೆ ಬ್ಯಾಗು, ಕಂಕುಳಿಗೆ ಮಗು!"

ನಾನು ಅಂದದ್ದು ಬರೀ ಜಂಬವಲ್ಲ. ರಾಟೆ ತಿರುಗಿಸ್ತಾ ಕೂತರೆ ಮನೆಯ ನಾಲ್ಕು ಮೂಲೆ ಮಾತೂ ರೇಷ್ಮೆ ಎಳೆಯ ಜತೆ ನನ್ನ ಕಿವಿಗೆ ಸುತ್ತಿಕೊಳ್ತದೆ. ಸೊಸೆ ನನ್ನ ಮಗ ಮೋಹನನಿಗೆ ಹೇಳಿದ್ದು ಹಾಗೇ ಬಿತ್ತು. ಇನ್ನು ನಾಲ್ಕು ತಿಂಗಳೊಳಗೆ ಗರ್ಭ ನಿಂತರೆ, ಮೊದಲ ವರ್ಷದ ಪರೀಕ್ಷೆ ಮುಗಿಸಿ ಹೆರಿಗೆ. ತಪ್ಪಿದರೆ ಓದಿಗೂ ಬಾಣಂತನಕ್ಕೂ ಜಗಳ. ವಯಸ್ಸಂತೂ ಕಾಯೋದಿಲ್ಲ. "ಅದಕ್ಕೆ ನೀವು ಏನ್ಮಾಡ್ಬೇಕು ಅಂದ್ರೆ..." ಅಂದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು! ಕೇಳದೆ ಉಳಿದ ಆ ತುಂಡಿನಲ್ಲೇ ಇತ್ತು ನನ್ನ ಗ್ರಹಚಾರ.

ಮೋಹನ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಕಬ್ಬು ನುರಿಸೋ ಕಾಲ, ರಾತ್ರಿ ಪಾಳಿ, ವಾರಕ್ಕೊಂದೇ ರಜ. ಮುಂದಿನ ತಿಂಗಳು ನೋಡಿ, ಪವಾಡ! ಸರಿಯಾಗಿ ನೀರು ಬರೋ ದಿನಕ್ಕೆ ರಜ ಬದಲಾಯಿಸಿಕೊಂಡು ಮನೆಯಲ್ಲಿ ನಿಂತಿದ್ದ.

"ಏನ್ಲಾ, ಇವತ್ತು ರಜಾನಾ?"

"ಊಂ ಅವ್ವಾ..." ಅಂದವನೇ ಕ್ಯಾಲೆಂಡರಿನ ಸೊನ್ನೆ ನೋಡಿ ನಾಚಿ ಕೆಂಪಾದ.

ನೀರು ತುಂಬೋಕೆ ಇಷ್ಟೊಂದು ನಾಚಿಕೆ ಯಾಕಪ್ಪಾ! "ನಾಚ್ಕಬ್ಯಾಡ ಕಣ್ಲಾ, ಇದು ಗಂಡಸ್ರೂ ಮಾಡೋ ಕೆಲ್ಸವೇ!" ಅಂತ ಕೈಗೆ ಕೊಡ ಕೊಟ್ಟೆ.

ಡ್ರಮ್ಮು, ಹಂಡೆ, ಬಿಂದಿಗೆ, ಕೊನೆಗೆ ಪೂಜೆಯ ಚೊಂಬು, ಒಂದನ್ನೂ ಬಿಡದೆ ತುಂಬಿಸಿದೆ. ಸಂಜೆ ಶ್ವೇತಾ ಬಸ್ಸಿಳಿದು ಬರೋ ಹೊತ್ತಿಗೆ ಮಗ ಚಾಪೆಯ ಮೇಲೆ ಗೊರಕೆ!

ಮರುವಾರವೂ ಬಂದ, ಅದರ ಮರುವಾರವೂ ಬಂದ. ನನ್ನ ಹೆಮ್ಮೆ ಏರು ದಾಟಿ ಗುಡ್ಡ ಹತ್ತಿತು. "ನೀರಿನ ದಿನ ರಜ ಹಾಕೋ ಮಗನ್ನ ನಾನು ಹೆತ್ತಿದ್ದೀನಿ!" ಅಂತ ಬೀದಿಗೆಲ್ಲ ಸಾರಿದೆ. ಅಷ್ಟಕ್ಕೇ ನಿಲ್ಲದೆ ದೊಡ್ಡಬಸಮ್ಮನ ಡ್ರಮ್ಮನ್ನೂ ಅವನ ಕೈಲೇ ತುಂಬಿಸಿ ಪುಣ್ಯ ಕಟ್ಟಿಕೊಂಡೆ. ಅವಳ ಮಗ ಶಾಂತಮೂರ್ತಿ ಬಂದು ಗೋಳಾಡಿದ: "ಮೋಹನಣ್ಣ, ದಮ್ಮಯ್ಯ ನಿಲ್ಸು! ನಿನ್ನಿಂದ ನಾನು ಮನೇಲಿ ದಿನಾ ಉಗಿಸ್ಕತಾವ್ನಿ!"

ಇದರ ನಡುವೆ ಇನ್ನೊಂದು ಘನಕಾರ್ಯ ಮಾಡಿದೆ. ತಿಂಗಳ ಮೊದಲಿಗೆ ಯಾರೋ ನನ್ನ ಕ್ಯಾಲೆಂಡರಿನಲ್ಲಿ ಪೆನ್ಸಿಲಿಂದ ಎಳ್ಳಿನಷ್ಟು ಪುಟ್ಟ ಸೊನ್ನೆ ಗೀಚಿರೋರು. ನನ್ನ ರಾಜ್ಯದಲ್ಲಿ ಯಾರದಪ್ಪಾ ಈ ದಬ್ಬಾಳಿಕೆ ಅಂತ, ಸೆರಗಿನ ಒದ್ದೆ ತುದಿಯಿಂದ ಉಜ್ಜಿ ಉಜ್ಜಿ ಅಳಿಸಿದೆ. ಮೂರು ತಿಂಗಳೂ!

ಮೂರನೇ ತಿಂಗಳ ಕೊನೆಗೆ ಒಂದು ಭಾನುವಾರ, ಅಡುಗೆಮನೆಯಲ್ಲಿ ಶ್ವೇತಾ ತನ್ನ ತಂಗಿ ಭವ್ಯಶ್ರೀ ಜತೆ ಫೋನಿನಲ್ಲಿ ಮಾತಾಡ್ತಿದ್ದಳು.

"ಗರ್ಭ ನಿಲ್ಲೋ ದಿನ ಅಂತ ನಾನು ಗುರುತು ಹಾಕಿದ ಒಂದು ದಿನಾನೂ ಅವರು ಮನೇಲಿರಲ್ಲ ಕಣೇ. ಇನ್ಯಾವತ್ತೋ ರಜ ಹಾಕಿ ಬೀದಿಗೆಲ್ಲ ನೀರು ತುಂಬ್ತಾರೆ. ಓದೋ ಹೆಂಡ್ತಿಯಿಂದ ಮಗು ಬೇಡ ಅನ್ನಿಸಿರಬೇಕು. ಇರೋದು ಇನ್ನೊಂದೇ ತಿಂಗಳು. ಸೀಟು ಬಿಡ್ತೀನಿ ಅಂತ ಪತ್ರ ಬರೆದಿಟ್ಟಿದ್ದೀನಿ, ನಾಳೆ ಕೊಟ್ಟುಬಿಡ್ತೀನಿ."

ಆಚೆ ಮಗ್ಗದ ಪಕ್ಕ ಮೋಹನ ಅಪ್ಪನ ಹತ್ತಿರ ಗೊಣಗ್ತಿದ್ದ. "ಕ್ಯಾಲೆಂಡರಲ್ಲಿ ಸೊನ್ನೆ ಹಾಕಿರೋ ದಿನ ಮನೇಲಿರಿ ಅಂದ್ಲು ಅಪ್ಪಾ. ಒಂದ್ನೂ ಬುಡ್ದೆ ಇದ್ದೀನಿ! ಆದ್ರೂ ಮೊಕ ಊದಿಸ್ಕಂಡವ್ಳೆ."

"ಊಂ."

ನನ್ನ ರಾಟೆ ನಿಂತೇ ಹೋಯಿತು. ಒಂದು ಎಳೆ ಅಡುಗೆಮನೆಯಿಂದ, ಒಂದು ಎಳೆ ಮಗ್ಗದಿಂದ, ಎರಡೂ ನನ್ನ ಕಿವಿಯಲ್ಲಿ ಗಂಟು ಬಿದ್ದವು. ಅಯ್ಯೋ ಶಿವನೇ! ನನ್ನ ಮೊಮ್ಮಗುವಿಗೆ ಅಡ್ಡ ನಿಂತಿರೋ ಶನಿ ನಾನೇ!

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು, ಸೀಟು ಹೋಗುತ್ತಿತ್ತು. ಐವತ್ತು ವರ್ಷ ಸಿಕ್ಕಾದ ರೇಷ್ಮೆ ಬಿಡಿಸಿದ ಕೈ ಇದು. ಇಬ್ಬರನ್ನೂ ಕರೆದು ಕ್ಯಾಲೆಂಡರ್ ಮುಂದೆ ನಿಲ್ಲಿಸಿದೆ.

"ಈ ದೊಡ್ಡ ಸೊನ್ನೆ ನಂದು. ನೀರಿಂದು."

ಶ್ವೇತಾ ಕಣ್ಣರಳಿಸಿದಳು. "ಹಾಗಾದ್ರೆ ನನ್ನ ಪೆನ್ಸಿಲ್ ಸೊನ್ನೆಗಳು ಎಲ್ಲಿ ಅತ್ತೆ?"

ಸೆರಗಿನ ತುದಿ ತೋರಿಸಿದೆ. ಇನ್ನೂ ಕಪ್ಪಗಿತ್ತು.

"ಅವ್ವಾ!" ಅಂತ ಮೋಹನ ತಲೆ ಚಚ್ಚಿಕೊಂಡ. "ಹನ್ನೆರಡು ರಜ ಅವ್ವಾ! ಹನ್ನೆರಡು!"

"ಎದುರುಮನೆ ಡ್ರಮ್ಮೂ ಸೇರಿ!" ಅಂದ ಶ್ವೇತಾ ನಗೋಕೆ ಶುರುಮಾಡಿದಳು ನೋಡಿ, ನಕ್ಕು ನಕ್ಕು ಗೋಡೆಗೊರಗಿ ಕೂತಳು. ಆಮೇಲೆ ಹಾಗೇ ಅಳು ಬಂತು. ನಾನು ಪಕ್ಕ ಕೂತು ಕೈ ಚಾಚಿದೆ.

"ಆ ಕಾಗದ ಕೊಡವ್ವ ಇಲ್ಲಿ. ನಾನು ಎರಡನೇ ಕ್ಲಾಸಿಗೇ ಬುಟ್ಟೋಳು. ನೀನು ಬುಡಬ್ಯಾಡ. ಮಗು ಯಾವಾಗ್ಲಾದ್ರೂ ಬರ್ಲಿ, ನಾನು ಎತ್ಕತೀನಿ. ನೀನು ಬ್ಯಾಗು ಎತ್ಕ."

ಕಾಗದ ಒಲೆಗೆ ಹೋಯಿತು. ಅವರ ಕೋಣೆಗೆ ಬೇರೆ ಕ್ಯಾಲೆಂಡರ್ ಬಂತು. ಆದರೆ ಆ ಕೊನೆಯ ತಿಂಗಳಲ್ಲಿ ಕಾಲೇಜಿನ ಟೆಸ್ಟುಗಳ ಗಡಿಬಿಡಿಗೆ ಸಿಕ್ಕಿ ಸೊಸೆ ಸೊನ್ನೆ ಹಾಕೋದನ್ನೇ ಮರೆತಳು. ಇತ್ತ ಪೈಪು ಒಡೆದು ಎರಡು ವಾರ ನೀರೇ ಇಲ್ಲ. ನನ್ನ ಕ್ಯಾಲೆಂಡರೂ ಬೋಳು! ಪೈಪಿಗೆ ಹಿಡಿಹಿಡಿ ಶಾಪ ಹಾಕಿದೆ.

ಕೆಲವು ವಾರ ಕಳೆದು ಒಂದು ಸಂಜೆ ಶ್ವೇತಾ ಬಸ್ಸಿಳಿದು ನೇರ ನನ್ನ ಹತ್ತಿರ ಬಂದಳು. ಕೈಯಲ್ಲಿ ಸ್ಕ್ಯಾನಿಂಗ್ ಚೀಟಿ, ಮುಖದಲ್ಲಿ ಊರ ದೀಪವೆಲ್ಲ! ನಾನು ಕಣ್ಣೊರೆಸಿಕೊಂಡು, ಗತ್ತಿನಿಂದ ಕ್ಯಾಲೆಂಡರ್ ತಿರುವಿದೆ. ಅವಳು ಬೆರಳೆಣಿಸಿ ವಾರ ತೋರಿಸಿದಳು. ನನ್ನದರಲ್ಲಿ ಆ ವಾರ ಖಾಲಿ! ಅವಳದರಲ್ಲೂ ಖಾಲಿ!

"ಎರಡು ಕ್ಯಾಲೆಂಡರಿಗೂ ಹತ್ತದೆ ಇದು ಎಂಗಾಯ್ತವ್ವ?" ಅಂತ ಬಾಯಿಬಿಟ್ಟೆ.

ಮಗ್ಗದ ಸದ್ದು ನಿಂತಿತು. ಯಜಮಾನರು ಆ ವರ್ಷದ ನಾಲ್ಕನೇ ಮಾತು ಆಡಿದರು:

"ಆ ವಾರ ನೀರು ಬರ್ನಿಲ್ವಲ್ಲಮ್ಮಿ, ಹುಡುಗನ್ಗೆ ಪುರ್ಸೊತ್ತು ಸಿಕ್ತು!"