ಕೆನ್ನೆಗೊಂದು ಕಲ್ಲು

ಗಂಡಸಿನ ಕೆನ್ನೆ ನುಣ್ಣಗಾಗಬೇಕಾದರೆ ಕಲ್ಲು ಬೇಕು ಎಂದರೆ ನೀವು ನಗುತ್ತೀರಿ. ಕನ್ನಡಕದಪ್ಪನವರ ಹೆಂಡತಿಯೂ ಮೊದಮೊದಲು ನಕ್ಕಳು. ಆಮೇಲೆ ಅಡುಗೆಮನೆಯ ನಲ್ಲಿಯ ಪಕ್ಕ, ತೊಳೆದ ಪಾತ್ರೆ ಕವುಚುವ ಜಾಗದಲ್ಲಿ, ಕಲ್ಲುಗಳು ಒಂದೊಂದಾಗಿ ಬಂದು ಬೀಡುಬಿಟ್ಟಾಗ ನಗು ನಿಲ್ಲಿಸಿದಳು.

ಕನ್ನಡಕದಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂಭಾಗದಲ್ಲೇ ಅವರ ಕನ್ನಡಕದಂಗಡಿ. ಗಾಜು ತಿಕ್ಕಿ ತಿಕ್ಕಿ ಊರಿನವರ ನೋಟವನ್ನೆಲ್ಲ ಸರಿಮಾಡುವ ಅವರು, ತಾವು ಮಾತ್ರ ಅರ್ಧ ಹೊತ್ತು ಕಣ್ಣು ತೆರೆದೇ ಕನಸು ಕಾಣುತ್ತಿದ್ದರು. ಆ ಕನಸಿನಲ್ಲಿ ಬಹುಕಾಲದಿಂದ ಇದ್ದದ್ದು ಒಂದೇ ಒಂದು ಬೆಳಗು. ಮದುವೆಯಾದ ಹೊಸತು. ಅವರ ಅಪ್ಪ ತಮ್ಮ ಮಡಿಚುವ ಕ್ಷೌರದ ಕತ್ತಿಯಿಂದ ಮಗನ ಗಡ್ಡವನ್ನು ತಾವೇ ಹೆರೆದು ಹೋಗಿದ್ದರು. ಕಿಟಕಿಯ ಬಳಿ ನಿಂತಿದ್ದ ಹೊಸ ಹೆಂಡತಿ, ಆಚೀಚೆ ಯಾರೂ ಇಲ್ಲದ್ದು ನೋಡಿಕೊಂಡು, ಬೆರಳ ತುದಿಯಿಂದ ಅವರ ಕೆನ್ನೆ ಸವರಿ, "ಅಯ್ಯೋ, ಬೆಣ್ಣೆ ಹಾಗಿದೆ ರೀ!" ಎಂದಿದ್ದಳು. ಆಮೇಲೆ ಬಿಸಾಡುವ ಬ್ಲೇಡುಗಳ ಕಾಲ ಬಂತು. ಆ ಮಾತು ಮತ್ತೆ ಕೇಳಿಬರಲಿಲ್ಲ. ("ಮುಳ್ಳು ಹಾಗಿದೆ, ದೂರ ಸರೀರಿ" ಎಂಬುದು ಬೇಕಾದಷ್ಟು ಸಲ ಬಂತು.)

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ ಸ್ಟುಡಿಯೋಗೆ ಹೋಗಿ ಜೋಡಿ ಫೋಟೋ ತೆಗೆಸಲೇಬೇಕು ಎಂದು ಆಕೆ ಆರು ತಿಂಗಳ ಮೊದಲೇ ಹಟ ಹಿಡಿದಾಗ ಕನ್ನಡಕದಪ್ಪನವರಿಗೆ ಅಪ್ಪನ ಕತ್ತಿ ನೆನಪಾಯಿತು. ಆ ದಿನ ಆ ಕೆನ್ನೆ ಮತ್ತೆ ಬರಬೇಕು, ಆ ಮಾತೂ ಮತ್ತೆ ಬರಬೇಕು. ಆದರೆ ಪೆಟ್ಟಿಗೆಯಿಂದ ಹೊರಬಂದ ಕತ್ತಿ ಬಾಳೆಹಣ್ಣನ್ನೂ ಕೊಯ್ಯುವ ಸ್ಥಿತಿಯಲ್ಲಿರಲಿಲ್ಲ. ಸರಿ, ನಿಂತ ನಿಲುವಿನಲ್ಲೇ ಪ್ರತಿಜ್ಞೆ: ಇದು ಹದವಾಗುವ ತನಕ ಬೇರೆ ಯಾವ ಅಲಗೂ ತಮ್ಮ ಮುಖ ಮುಟ್ಟಕೂಡದು! ಮನೆಯಲ್ಲಿದ್ದ ಬ್ಲೇಡುಗಳೆಲ್ಲ ಕಸದ ಬುಟ್ಟಿ ಸೇರಿ, ಗಡ್ಡವ್ರತ ಆರಂಭವಾಯಿತು.

"ಒರಟು ಕಲ್ಲಲ್ಲಿ ತಿಕ್ಕಿದ್ರೆ ಅಲಗೇನೋ ಬರುತ್ತೆ ಸಾರ್," ಎಂದ ಹತಾರದ ಅಂಗಡಿಯವನು. "ಆದ್ರೆ ಕೊನೇಲಿ ತಿಕ್ಕೋ ನಯಗಲ್ಲು ಇದೆಯಲ್ಲ, ಅದು ಕತ್ತಿಗೆ ಒಪ್ಪಬೇಕು. ಒಪ್ಪಿತೋ ಇಲ್ವೋ ಅಂತ ತಿಕ್ಕಿಯೇ ನೋಡಬೇಕು."

ಹೀಗೆ ಕತ್ತಿಗೆ ಜೋಡಿ ಹುಡುಕುವ ಕೆಲಸ ನಡೆಯಿತು. ಮೊದಲು ಬೂದು ಕಲ್ಲು ಬಂತು, ಆಮೇಲೆ ಜೇನಿನ ಬಣ್ಣದ್ದು, ಕೊನೆಗೆ ಕಡುಹಸಿರಿನದು. ಕಲ್ಲಿನ ಮೇಲೆ ನಾಲ್ಕು ಹನಿ ನೀರು, ಅದರ ಮೇಲೆ ಕತ್ತಿ, ಅತ್ತ ಒಮ್ಮೆ, ಇತ್ತ ಒಮ್ಮೆ. ಸ್ಸ್... ಸ್ಸ್... ನೀರು ಮೆಲ್ಲಗೆ ಹಾಲಿನಂತೆ ಮಬ್ಬಾಗುತ್ತಿತ್ತು. ಕಿಟಕಿಯ ಬಿಸಿಲು ಅದರೊಳಗೆ ಇಳಿಯುತ್ತಿತ್ತು. ಕನ್ನಡಕದಪ್ಪನವರು ಎಲ್ಲಿದ್ದೇನೆಂಬುದನ್ನೇ ಮರೆತು ಆ ಹಳೆಯ ಬೆಳಗಿಗೆ ಹೊರಟುಬಿಡುತ್ತಿದ್ದರು.

"ರೀ, ನಲ್ಲಿ ಹತ್ರ ಜಾಗ ಬಿಡ್ತೀರಾ? ಪಾತ್ರೆ ತೊಳೀಬೇಕು."

"ಶ್! ಕಲ್ಲು ಮಾತಾಡ್ತಾ ಇದೆ."

"ಕಲ್ಲಾದ್ರೂ ಮಾತಾಡ್ತಿದೆಯಲ್ಲ. ನೀವು ನನ್ನ ಹತ್ರ ಮಾತಾಡಿ ಎಷ್ಟು ದಿನ ಆಯ್ತು?"

"ಜೇನುಬಣ್ಣದ್ದು ಸಾಧು ಸ್ವಭಾವ ಕಣೇ. ಈ ಹಸಿರಿದೆಯಲ್ಲ, ಮಹಾ ಹಟಮಾರಿ. ಆದ್ರೆ ಹೊಳಪು ಕೊಡೋದು ಇಂಥವೇ."

"ಫೋಟೋಗೆ ಈ ಗಡ್ಡ ಹೊತ್ಕೊಂಡು ಬಂದ್ರೆ ನಾನು ಪಕ್ಕದಲ್ಲಿ ನಿಲ್ಲಲ್ಲ. ಕಲ್ಲನ್ನೇ ನಿಲ್ಲಿಸ್ಕೊಳ್ಳಿ!"

ಅಲಗಿನ ಪರೀಕ್ಷೆ ನಡೆಯುತ್ತಿದ್ದದ್ದು ಕೈಮೇಲಿನ ರೋಮದ ಮೇಲೆ. ಬೂದು ಕಲ್ಲಿನ ಪರೀಕ್ಷೆಗೆ ಎಡಗೈ ಬೋಳಾಯಿತು. ಜೇನುಬಣ್ಣದ್ದಕ್ಕೆ ಬಲಗೈ ಹೋಯಿತು. ಹಸಿರಿನದಕ್ಕೆ ಎರಡೂ ಕಾಲು ಅರ್ಪಣೆಯಾದವು. ತಲೆಯಂತೂ ಎಂದೋ ಬಯಲಾಗಿತ್ತು. ಹೀಗೆ ಮೈಯೆಲ್ಲ ನುಣ್ಣಗಾಗಿ, ನುಣ್ಣಗಾಗಬೇಕಿದ್ದ ಮುಖದಲ್ಲಿ ಮಾತ್ರ ಬಿಳಿ ಗಡ್ಡ ಎದೆಯ ಕಡೆಗೆ ಹೊರಟಿತ್ತು. ಚಷ್ಮಾ ಕೊಳ್ಳಲು ಬಂದ ಗಿರಾಕಿಯೊಬ್ಬರು ಅವರ ಕೈ ನೋಡಿ, "ಯಾವುದಾದ್ರೂ ದೊಡ್ಡ ಕಾಯಿಲೆನಾ?" ಎಂದು ಮೆತ್ತಗೆ ವಿಚಾರಿಸಿದರು.

ಫೋಟೋದ ದಿನ ಬಂದೇಬಂತು. ಮಧ್ಯಾಹ್ನ, ಹಸಿರು ಕಲ್ಲಿನ ಮೇಲೆ ಕತ್ತಿ ಸದ್ದೇ ಇಲ್ಲದೆ ಜಾರಿತು. ಕನ್ನಡಕದಪ್ಪನವರ ಎದೆ ಹಗುರಾಯಿತು. ಇನ್ನು ಉಳಿದಿದ್ದು ಹತಾರದ ಅಂಗಡಿಯವನು ಹೇಳಿದ್ದ ಅಂತಿಮ ಪರೀಕ್ಷೆ: ಒಂದು ಉದ್ದ ಕೂದಲನ್ನು ಗಾಳಿಯಲ್ಲಿ ಹಿಡಿದು ಅಲಗಿಗೆ ತಾಗಿಸಿದರೆ ಅದು ತಾನಾಗಿಯೇ ತುಂಡಾಗಬೇಕು. ಬಾಚಣಿಗೆಯಲ್ಲಿ ಹುಡುಕಿದರು. ಮನೆಯಾಕೆಯ ಅಚ್ಚುಕಟ್ಟುತನದಿಂದ ಅಲ್ಲಿ ಒಂದೂ ಇರಲಿಲ್ಲ.

ಆಕೆ ತಲೆಗೆ ಸ್ನಾನ ಮಾಡಿ, ಕೂದಲು ಹರಡಿಕೊಂಡು, ಕಿಟಕಿಯ ಬಳಿಯ ಆರಾಮಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ಮುಖದ ಮೇಲೆ ಅದೇ ಬಿಸಿಲು. ಕನ್ನಡಕದಪ್ಪನವರು ಒಂದು ಕ್ಷಣ ಕತ್ತಿಯನ್ನೂ ಮರೆತು ನೋಡುತ್ತ ನಿಂತರು. ಎಷ್ಟು ಚೆನ್ನಾಗಿದ್ದಾಳೆ ಅನ್ನಿಸಿತು. (ಅನ್ನಿಸಿದ್ದನ್ನು ಎಬ್ಬಿಸಿ ಹೇಳಿದ್ದರೆ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು.) ಅವರು ಹಣೆಯ ಪಕ್ಕದಿಂದ ಒಂದೇ ಒಂದು ಕೂದಲನ್ನು ಎತ್ತಿ ಹಿಡಿದು, ಕತ್ತಿಯನ್ನು ಹತ್ತಿರ ತಂದರು.

ಅದೇ ಹೊತ್ತಿಗೆ ಆಕೆ ನಿದ್ದೆಯಲ್ಲಿ ಈಚೆ ಹೊರಳಿದಳು; ಹರಡಿದ್ದ ಕೂದಲು ಕತ್ತಿಯ ಮೇಲೆಯೇ ಬಂತು.

ಸದ್ದಿಲ್ಲ, ಸುದ್ದಿಯಿಲ್ಲ. ಆ ಬದಿಯ ಕೂದಲಿನಲ್ಲಿ ಒಂದು ಹಿಡಿ ಅವರ ಕೈಮೇಲೆ ಉದುರಿತು. ಕತ್ತಿ ಪಾಸಾಗಿತ್ತು.

"ಆಹಾ!" ಎಂದರು ಕನ್ನಡಕದಪ್ಪನವರು, ಮೈಮರೆತು.

ಆಕೆ ಕಣ್ಣು ಬಿಟ್ಟಳು. ಗಂಡನನ್ನು ನೋಡಿದಳು, ಕತ್ತಿಯನ್ನು ನೋಡಿದಳು, ಕೂದಲನ್ನು ನೋಡಿದಳು. ಆಮೇಲೆ ಚೀರಿದ ಚೀರಾಟಕ್ಕೆ ಕತ್ತಿ ಅವರ ಕೈಜಾರಿ ನೆಲಕ್ಕೆ ಬಿದ್ದು, ಅಲಗಿನ ನಟ್ಟನಡುವೆ ಒಂದು ಚೂರು ಹಾರಿಹೋಯಿತು.

"ಆಹಾ ಅಂತೀರಾ? ಆಹಾ ಅಂತೀರಾ?"

"ಇಲ್ಲ ಕಣೇ, ಅದು ಅಲಗಿಗೆ ಅಂದಿದ್ದು..."

"ನನ್ನ ತಲೆ ಹಾಳಾಯ್ತು, ನಿಮಗೆ ಅಲಗು!" ಆಕೆ ಕತ್ತರಿ ತಂದು ಅವರ ಕೈಗೆ ತುರುಕಿದಳು. "ಆ ಕಡೆನೂ ಸಮ ಮಾಡಿ. ಕೈ ನಡುಗಿದ್ರೆ ನೋಡಿ!"

ನಡುಗುತ್ತಲೇ ಸಮ ಮಾಡಿದರು. ಆ ಕಡೆ ಸಮ ಮಾಡಲು ಹೋಗಿ ಈ ಕಡೆ, ಈ ಕಡೆ ಸಮ ಮಾಡಲು ಹೋಗಿ ಆ ಕಡೆ, ಅಂತೂ ಕೂದಲು ಕಿವಿಯ ಕೆಳಕ್ಕೆ ಬಂದು ನಿಂತಿತು. ಇತ್ತ ಕತ್ತಿಗೆ ಬಾಯಿಲ್ಲ, ಮನೆಯಲ್ಲಿ ಬ್ಲೇಡಿಲ್ಲ, ಕ್ಷೌರದಂಗಡಿಗೆ ಅವತ್ತೇ ವಾರದ ರಜೆ. ಗಡ್ಡ ಇದ್ದಂತೆಯೇ ಇಬ್ಬರೂ ಸ್ಟುಡಿಯೋಗೆ ಹೊರಟರು. ದಾರಿಯುದ್ದಕ್ಕೂ ಆಕೆ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅವರಿಗಂತೂ ಅಳುವೇ ಬಂದಂತಾಗಿತ್ತು.

ಫೋಟೋದವನು ದೀಪ ಹೊಂದಿಸಿ, ಕ್ಯಾಮೆರಾದಲ್ಲಿ ಕಣ್ಣಿಟ್ಟು, "ಮೇಡಂ, ನೀವು ಕೂತ್ಕೊಳ್ಳಿ. ತಾತ, ನೀವು ಮಗಳ ಹಿಂದೆ ನಿಂತ್ಕೊಳ್ಳಿ," ಎಂದ.

ಆಮೇಲೆ ಆಕೆಗೆ ನಗು ಬಂತು ನೋಡಿ! ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿ, ಹಿಂದಕ್ಕೆ ತಿರುಗಿ, ಜೋಲುಮುಖ ಹಾಕಿ ನಿಂತಿದ್ದ ಗಂಡನ ಗಡ್ಡಕ್ಕೆ ಕೈಹಾಕಿದಳು. ಬೆರಳು ಅಲ್ಲೇ ನಿಂತಿತು. ಇನ್ನೊಮ್ಮೆ ಸವರಿದಳು.

"ಅಯ್ಯೋ, ಬೆಣ್ಣೆ ಹಾಗಿದೆ ರೀ!"

ಫೋಟೋದವನು ಅದೇ ಗಳಿಗೆಯಲ್ಲಿ ಗುಂಡಿ ಒತ್ತಿದ.

ಗಡ್ಡ ಈಗಲೂ ಇದೆ. ತೆಗೆಯಲು ಆಕೆ ಬಿಡುವುದಿಲ್ಲ. ಹಸಿರು ಕಲ್ಲು ಅಂಗಡಿಯ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಕೂತಿದೆ. ಫೋಟೋ ಅಲ್ಲೇ ಗೋಡೆಯ ಮೇಲಿದೆ. ಕಣ್ಣು ಪರೀಕ್ಷೆಗೆ ಕೂತ ಹೊಸ ಗಿರಾಕಿಗಳಿಗೆ ಅಕ್ಷರದ ಹಲಗೆಗಿಂತ ಮೊದಲು ಅದೇ ಕಾಣುತ್ತದೆ.

"ಪಾಪ, ಮಗಳಿಗೆ ನಿಮ್ಮ ಮೇಲೆ ಎಷ್ಟೊಂದು ಪ್ರೀತಿ!" ಎನ್ನುತ್ತಾರೆ.

ಕನ್ನಡಕದಪ್ಪನವರು ಅಂಥವರಿಗೆ ಇನ್ನೂ ಸ್ವಲ್ಪ ದಪ್ಪ ಗಾಜು ಬರೆಯುತ್ತಾರೆ.